ನನಗೆ ಬಾರದ ಎದೆನೋವು

ನಾನು ಪಿ.ಟಿ. ಮಾಸ್ತರ. ಈಗ ನಿವೃತ್ತ. ಹಾನಗಲ್ಲಿನಲ್ಲಿ ಒಂಬತ್ತು ವರ್ಷ, ಸವಣೂರಿನಲ್ಲಿ ಆರು, ಉಳಿದದ್ದೆಲ್ಲ ಹಿರೇಕೆರೂರಿನಲ್ಲಿ ಸೀಟಿ ಊದಿದ್ದೇನೆ. ನನ್ನ ಸೀಟಿಗೆ ಇಡೀ ಮೈದಾನ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ತಿರುಗುತ್ತಿತ್ತು. ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ತರರು ಸಹ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದರು. ಅದರ ಸೊಕ್ಕು ನನಗಿತ್ತು, ಇಲ್ಲವೆನ್ನುವುದಿಲ್ಲ. ಈ ಊರಿನ ಅರ್ಧ ಜನರ ಮೊಣಕಾಲಿಗೆ ಟಿಂಚರ್ ಹಚ್ಚಿದ ಕೈ ಇದು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹಾಗಾಗಿ, ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಇದೆ, ಬಹಳ ಏರಿದೆ ಎಂದು ಮಗಳು ಹೇಳಿದಾಗ ನಾನು ಹೆದರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ಸ್ವಲ್ಪ ಖುಷಿಯೇ ಆಯಿತು. ಇದು ನನ್ನ ವಿಷಯ, ಇನ್ನು ನನಗೆ ಬಿಡಿ ಎನ್ನುವಂಥ ಖುಷಿ.

ಮಗಳನ್ನು ಹಾನಗಲ್ಲಿಗೆ ಕೊಟ್ಟಿದ್ದೇವೆ. ಅಲ್ಲಿಯ ಡಾಕ್ಟರ ಹತ್ತಿರ ನಮ್ಮಿಬ್ಬರನ್ನೂ ಕರೆದುಕೊಂಡು ಹೋದವಳು ಅವಳೇ. ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ತಾಳ್ಮೆಯವರು. ಇವಳಿಗೆ ಅರ್ಥವಾಗುವ ಹಾಗೆ ಹೇಳಿದರು: "ಗುಳಿಗಿ ನಾ ಕೊಡ್ತೇನಿ ಅವ್ವಾರ. ಆದ್ರ ಅರ್ಧಾ ಔಷಧ ನಿಮ್ಮ ಕೈಯಾಗ ಐತಿ. ದಿನಾ ಮುಕ್ಕಾಲ ತಾಸು ನಡೀರಿ. ಬ್ಯಾಸರ ಆಗೋಹಂಗ ಬ್ಯಾಡ, ಖುಷಿ ಆಗೋಹಂಗ ನಡೀರಿ. ತಾಟಿನ್ಯಾಗ ಅನ್ನ ಕಡಿಮಿ, ಪಲ್ಲೆ ಹೆಚ್ಚ ಮಾಡ್ರಿ. ಏನು ಉಣ್ಣಾಕತ್ತೇನಿ ಅನ್ನೋದು ಉಣ್ಣೂವಾಗ ಲಕ್ಷ್ಯ ಇರ್ಲಿ." ಒಂದು ಚೀಟಿಯನ್ನೂ ಬರೆದುಕೊಟ್ಟರು. ಅದರ ಮೊದಲ ನಾಲ್ಕು ಸಾಲು ಓದಿದೆ. ಎಲ್ಲ ನಡಿಗೆಯ ಬಗ್ಗೆಯೇ ಇತ್ತು. ನಡಿಗೆಯ ಬಗ್ಗೆ ನನಗೆ ಯಾರು ಕಲಿಸಬೇಕು? ಚೀಟಿ ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಮರುದಿನ ಬೆಳಗಾಗುವ ಮೊದಲೇ ಕಾಲೇಜಿನ ಮೈದಾನಕ್ಕೆ ಕರೆದೊಯ್ದೆ. ಆ ಹೊತ್ತಿಗೆ ಅಲ್ಲಿ ಊರಿನ ಬಿ.ಪಿ., ಶುಗರ್ ಎಲ್ಲವೂ ಸ್ವೆಟರ್ ಹಾಕಿಕೊಂಡು ಸುತ್ತುತ್ತಿರುತ್ತವೆ. ಗೋವಿನಜೋಳದ ವ್ಯಾಪಾರಿಗಳು, ಹತ್ತಿ ದಲಾಲರು, ಬ್ಯಾಂಕಿನವರು, ಎಲ್ಲರೂ ಇದ್ದರು. ಹೊಸದಾಗಿ ಕೊಡಿಸಿದ ಬೂಟು ಹಾಕಿಕೊಂಡು, ಸೀರೆ ತುಸು ಎತ್ತಿಕಟ್ಟಿ, ಇವಳು ಒಂದು ಸುತ್ತು ಬಂದಳು. ಹೊರಟಲ್ಲಿಗೇ ಬಂದದ್ದನ್ನು ನೋಡಿ ನಿಂತುಬಿಟ್ಟಳು.

"ಮುಗೀತಲ್ಲ?"

"ಇನ್ನೂ ಏಳ ಸುತ್ತು ಅದಾವು."

"ಎಲ್ಲಿಗೆ ಹೋಗಾಕ?"

"ಎಲ್ಲಿಗೂ ಅಲ್ಲ ಮಾರಾಯ್ತಿ. ಸುಮ್ನ ನಡಿಯೂದು."

ಸುತ್ತುತ್ತಿದ್ದವರನ್ನೆಲ್ಲ ಇವಳು ಒಮ್ಮೆ ನೋಡಿದಳು. "ಕೆಲಸ ಇಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ. ಮನ್ಯಾಗ ರೊಟ್ಟಿ ಬಡೀಬೇಕು, ನೀರ ತುಂಬಬೇಕು. ನಾ ಇಲ್ಲಿ ಗಾಣದ ಎತ್ತ ಆಗ್ಲೇನು?" ಎಂದವಳೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಮನೆಯ ಕಡೆ ನಡೆದಳು. ಮೈದಾನದಲ್ಲಿದ್ದವರಲ್ಲಿ ನಾಲ್ಕು ಮಂದಿ ನನ್ನ ಹಳೆಯ ವಿದ್ಯಾರ್ಥಿಗಳು. ಅವರು ನಗಲಿಲ್ಲ. ನಕ್ಕಿದ್ದರೆ ನಾಲ್ಕು ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಊಟದ ಕಥೆಯೂ ಅಷ್ಟೇ. ನವಣೆ ತಂದೆ. ಚೆಂದಾಗಿ ಬೇಯಿಸಿ ನನಗೆ ಬಡಿಸಿದಳು, ತಾನು ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿಕೊಂಡು ಉಂಡಳು. ಕೇಳಿದರೆ, "ಉಳದದ್ದ ಚೆಲ್ಲಾಕ ಬರ್ತೈತೇನು?" ಎಂದಳು. ನಾನು ಕೂಗಾಡಿದೆ. ತನ್ನ ತಾಟಿಗೆ ಏನು ಬೀಳಬೇಕೆಂದು ಇವಳು ಎಂದೂ ನಿರ್ಧರಿಸಿದವಳಲ್ಲ ಎನ್ನುವುದು ಈಗ ಬರೆಯಲು ಕುಳಿತಾಗ ಕಾಣುತ್ತಿದೆ. ನಾನು, ಮಗಳು, ಬಂದ ಬೀಗರು, ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಏನಿರುತ್ತಿತ್ತೋ ಅದೇ ಇವಳ ಊಟ. ಹಬ್ಬದ ಮರುದಿನ ಹೋಳಿಗೆ, ಮದುವೆಯ ಮರುದಿನ ಬುಂದೆ, ಉಳಿದ ದಿನ ಅನ್ನ. ಅಂಥವಳ ಮುಂದೆ ನಿಂತು ನಾನು 'ಆರಿಸಿ ಉಣ್ಣು, ಲಕ್ಷ್ಯವಿಟ್ಟು ಉಣ್ಣು' ಎಂದು ಪಾಠ ಹೇಳುತ್ತಿದ್ದೆ. ಇವಳ ಜೊತೆ ಒಂದೇ ಪಂಕ್ತಿಗೆ ಕುಳಿತು ಉಂಡು, ಇವಳ ತಾಟಿಗೆ ನಾನೇ ಬಡಿಸಿದ್ದರೆ ಮುಗಿದುಹೋಗುತ್ತಿತ್ತೇನೋ. ಅದು ಹೊಳೆಯಲಿಲ್ಲ. ಹೊಳೆದದ್ದು ಸಕ್ಕರೆ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕುವುದು. ಇವಳು ಪಕ್ಕದ ಮನೆಯಿಂದ ಒಂದು ವಾಟಿ ಸಕ್ಕರೆ ಇಸಿದುಕೊಂಡು ಬಂದು ಚಹಾ ಮಾಡಿದಳು. ನನಗೂ ಕೊಟ್ಟಳು. ನಾನೂ ಕುಡಿದೆ.

ಒಂದು ಬೆಳಿಗ್ಗೆ ಸಿಟ್ಟು ನೆತ್ತಿಗೇರಿ, ಮಲಗಿದ್ದವಳ ತಲೆಯ ಹತ್ತಿರ ನಿಂತು ಸೀಟಿ ಊದಿಬಿಟ್ಟೆ. ಓಣಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಇವಳು ಎದ್ದು ಕುಳಿತು, ಸೆರಗು ಸರಿಮಾಡಿಕೊಂಡು, "ನಾ ನಿಮ್ಮ ಸಾಲಿ ಹುಡುಗಿ ಅಲ್ರೀ" ಎಂದಳು. ಧ್ವನಿ ಬಹಳ ಸಣ್ಣದಾಗಿತ್ತು. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ಹೇಗೆ ತೋರಿಸಬೇಕೆಂದು ಗೊತ್ತಿಲ್ಲದವನು, ಇನ್ನೂ ನಾಲ್ಕು ಮಾತು ಜೋರಾಗಿ ಆಡಿ ಹೊರಗೆ ಹೋದೆ.

ನನ್ನ ಸಿಟ್ಟಿನ ಅಡಿಯಲ್ಲಿ ಇದ್ದದ್ದು ಹೆದರಿಕೆ. ದುಂಡಸಿಯಲ್ಲಿ ಇವಳ ಅಕ್ಕ ಇದೇ ಸಕ್ಕರೆಯಿಂದ ಎರಡೂ ಕಣ್ಣು ಕಳೆದುಕೊಂಡಿದ್ದಳು. ಆಕೆಯನ್ನು ನೋಡಲು ಹೋದಾಗ, ಎದುರಿಗೆ ಕುಳಿತಿದ್ದ ತಂಗಿಯ ಮುಖವನ್ನು ಕೈಯಿಂದ ಸವರಿ, "ಸೊರಗೀಯಲ್ಲs ಯವ್ವಾ" ಎಂದಿದ್ದಳು. ಆ ಕೈಯನ್ನು ನಾನು ಮರೆತಿಲ್ಲ. ಇವಳೂ ಒಂದು ದಿನ ಹಾಗೆಯೇ ನನ್ನ ಮುಖ ಸವರಿ ಗುರುತು ಹಿಡಿಯಬೇಕಾದೀತು ಎಂಬ ಯೋಚನೆ ಬಂದರೆ ರಾತ್ರಿ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ. ಹೇಳಿದರೆ ಕೇಳುವವಳಲ್ಲ, ಬೈದರೆ ಬಗ್ಗುವವಳಲ್ಲ. ತನಗಾಗಿ ಒಂದು ಹೆಜ್ಜೆ ಇಡದವಳು, ಬೇರೆಯವರಿಗಾಗಿ ಮಾತ್ರ ಎಷ್ಟು ದೂರ ಬೇಕಾದರೂ ನಡೆದಾಳು. ಈ ಮಾತು ತಲೆಗೆ ಬಂದದ್ದೇ ನನ್ನ ಬುದ್ಧಿ ಓಡತೊಡಗಿತು.

ನನಗೇ ಕಾಯಿಲೆ ಬಂದರೆ? ಎದೆನೋವಿನವನು ನಡೆಯಲೇಬೇಕು. ಎದೆನೋವಿನವನನ್ನು ಒಬ್ಬನನ್ನೇ ಕಳಿಸಲು ಬರುವುದಿಲ್ಲ, ಇವಳು ಜೊತೆಗೆ ಬರಲೇಬೇಕು. ಎದೆನೋವಿನವನಿಗೆ ಎಣ್ಣೆ, ಉಪ್ಪು, ಸಿಹಿ ಎಲ್ಲ ಬಂದ್. ಒಂದು ಮನೆಯಲ್ಲಿ ಎರಡೆರಡು ಅಡುಗೆ ಎಲ್ಲಿ ಮಾಡುತ್ತಾಳೆ? ತಾನೂ ಅದನ್ನೇ ಉಣ್ಣುತ್ತಾಳೆ. ಲೆಕ್ಕ ಇಷ್ಟು ಸರಳವಾಗಿತ್ತು. ಖೊ-ಖೊ ಆಟಗಾರರಿಗೆ ಎದುರಾಳಿಯನ್ನು ಮೋಸಗೊಳಿಸಿ ಓಡುವುದನ್ನು ಕಲಿಸಿದವನು ನಾನು. ಒಂದು ಸಣ್ಣ ಸುಳ್ಳಿನಿಂದ ಹೆಂಡತಿ ಉಳಿಯುವುದಾದರೆ ಅದೇನು ಪಾಪವೇ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಎಡಗೈಯಿಂದ ಎದೆ ಹಿಡಿದುಕೊಂಡೆ. "ಏ, ಬಾ ಇಲ್ಲೆ. ಎಡಕ್ಕ ಹಿಡದಂಗ ಆಗಾಕತ್ತೈತಿ." ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಂಗೈಯನ್ನು ನನ್ನ ಎದೆಯ ಮೇಲೆ ಒತ್ತಿ ಹಿಡಿದು ನಿಂತಳು. ನನ್ನ ಅಂಗಿಯ ಮೇಲೆ ಐದು ಬೆರಳಿನ ಹಿಟ್ಟು ಮೂಡಿತು. ಸುಳ್ಳು ಸಿಕ್ಕಿಬಿದ್ದೀತು ಎಂಬ ಹೆದರಿಕೆಗೆ ನನ್ನ ಹಣೆ ಬೆವರುತ್ತಿತ್ತು. ಇವಳು ಆ ಬೆವರನ್ನು ಸೆರಗಿನಿಂದ ಒರೆಸಿದಳು. ಬಾಯಿಬಿಟ್ಟು ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ.

ಲೆಕ್ಕ ಅಲ್ಲಿಂದಲೇ ತಪ್ಪಿತು. ನನ್ನ ಜೊತೆ ನಡೆಯುತ್ತೇನೆ ಎಂದು ಇವಳು ಹೇಳಲಿಲ್ಲ. ಸೀದಾ ದೇವರ ಜಗಲಿಯ ಮುಂದೆ ಹೋಗಿ ನಿಂತು ಹರಕೆ ಹೊತ್ತುಬಿಟ್ಟಳು. ಊರ ಹೊರಗೆ ಹೊಲದ ದಾರಿಯಲ್ಲಿರುವ ಬಸವಣ್ಣನ ಗುಡಿಗೆ ನಲವತ್ತೊಂದು ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಬರಿಗಾಲಿನಲ್ಲಿ ನಡೆದು ಬರುತ್ತೇನೆ, ದಿನಕ್ಕೆ ಒಪ್ಪತ್ತು ಮಾತ್ರ ಉಣ್ಣುತ್ತೇನೆ, ಇವರ ಎದೆ ಕಾಪಾಡಪ್ಪಾ ಎಂದು. ನಾನೂ ಬರುತ್ತೇನೆ ಎಂದು ಎದ್ದರೆ, ಭುಜ ಹಿಡಿದು ಕೂರಿಸಿದಳು. "ನೀವ ಅಲುಗಾಡಬ್ಯಾಡ್ರಿ. ಕುಂತಲ್ಲೇ ಕುಂದರ್ರಿ. ಹೃದಯದವರು ದಣೀಬಾರ್ದು." ಜೀವಮಾನವಿಡೀ ಊರಿಗೆ ವ್ಯಾಯಾಮ ಹೇಳಿದ ಮಾಸ್ತರನಿಗೆ ಹಾಸಿಗೆಯೇ ಗತಿಯಾಯಿತು.

ಆದರೂ ನಾನು ಗೆದ್ದೆ ಎಂದೇ ಭಾವಿಸಿದೆ. ಡಾಕ್ಟರು ಹೇಳಿದ್ದು ಮುಕ್ಕಾಲು ತಾಸು, ಗುಡಿಗೆ ಹೋಗಿಬರಲು ಒಂದು ತಾಸು. ಕಾಲು ತಾಸು ಲಾಭ! ಬರಿಗಾಲಿನ ಮಾತು ನನಗೆ ವಿಚಿತ್ರವೆನಿಸಲೇ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹರಕೆಗೆ ಹೋಗುವವರು ನಮ್ಮಲ್ಲಿ ಯಾರಿದ್ದಾರೆ? ನನ್ನ ಅವ್ವ ಹಾಗೆಯೇ ನಡೆದಿದ್ದಳು, ಅವಳ ಅವ್ವ ಹಾಗೆಯೇ ನಡೆದಿದ್ದಳು. ಸಕ್ಕರೆಯ ಕಾಲು ಬೇರೆ, ನಮ್ಮ ಅವ್ವಂದಿರ ಕಾಲು ಬೇರೆ ಎಂಬ ತಿಳಿವಳಿಕೆ ನನಗಿರಬೇಕಿತ್ತು. ಇರಲಿಲ್ಲ.

ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದರೆ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೈದಾನದಲ್ಲಿ ಒಂದು ಸುತ್ತಿಗೆ ಬೇಸತ್ತವಳು ಹೊಲದ ದಾರಿಯಲ್ಲಿ ಹಕ್ಕಿಯ ಹಾಗೆ ಹೋಗಿಬರುತ್ತಿದ್ದಳು. ಮೂರನೆಯ ದಿನದಿಂದ ಓಣಿಯ ಇಬ್ಬರು ಹೆಂಗಸರು ಜೊತೆಯಾದರು. ಬರುವಾಗ ಸೆರಗಿನಲ್ಲಿ ಕಣಗಿಲ ಹೂವು, ಬಾಯಿ ತುಂಬ ಹೊಲದ ಸುದ್ದಿ. ಯಾರ ಗೋವಿನಜೋಳ ಮುರಿಯಲು ಬಂತು, ಯಾರ ಹತ್ತಿ ಒಡೆದು ಬೆಳ್ಳಗಾಯಿತು, ಯಾರ ಬದುವಿನಲ್ಲಿ ನವಿಲು ಕುಣಿಯಿತು. ಪೂಜಾರಪ್ಪ ಕೊಟ್ಟ ಬೆಲ್ಲ ಕೊಬ್ಬರಿಯ ಚೂರಿನಲ್ಲಿ ತನ್ನ ಪಾಲನ್ನು ಕಣ್ಣಿಗೊತ್ತಿಕೊಂಡು ತುದಿನಾಲಿಗೆಗೆ ಮುಟ್ಟಿಸಿ, ಉಳಿದದ್ದನ್ನು ನನ್ನ ಬಾಯಿಗೆ ಹಾಕುತ್ತಿದ್ದಳು. "ಇವತ್ತ ನೋವೇನರ ಬಂದಿತ್ತೇನ್ರಿ?" ಎಂದು ಕೇಳುತ್ತಿದ್ದಳು. "ಕಡಿಮಿ ಐತಿ" ಎನ್ನುತ್ತಿದ್ದೆ. ಅವಳ ಮುಖ ಅರಳುತ್ತಿತ್ತು.

ಅಡುಗೆಮನೆಯೂ ಬದಲಾಯಿತು. ಎಣ್ಣೆಯಿಲ್ಲದ ಪಲ್ಲೆ, ಉಪ್ಪು ಕಂಡೂ ಕಾಣದ ಹೆಸರುಬೇಳೆ, ಹಸಿ ಮೆಂತೆ ಸೊಪ್ಪು, ಸೌತೆಕಾಯಿ, ನವಣೆ. ಮಿರ್ಚಿ ಭಜಿಯ ವಾಸನೆ ಬಂದರೆ ನನ್ನ ಕಿಟಕಿ ಮುಚ್ಚುತ್ತಿದ್ದಳು. ಒಪ್ಪತ್ತಿನ ಊಟವಾದ್ದರಿಂದ ತಾನೂ ನನ್ನ ಎದುರಿಗೇ ಕುಳಿತು ಅದನ್ನೇ ಉಣ್ಣುತ್ತಿದ್ದಳು. ನಾನು ಆ ಸಪ್ಪೆ ಊಟವನ್ನು ನುಂಗುತ್ತ, ಇವಳು ನುಂಗುವುದನ್ನು ನೋಡಿ ಸಂತೋಷಪಡುತ್ತಿದ್ದೆ. ಹದಿನೈದು ದಿನಕ್ಕೆ ಮಗಳು ಬಂದು ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ ಇಳಿದಿತ್ತು. ಚೂರುಪಾರಲ್ಲ, ಚೆನ್ನಾಗಿಯೇ ಇಳಿದಿತ್ತು. "ಏನ್ ಮಾಡಿದ್ರಿ ಅಪ್ಪಾ?" ಎಂದಳು. "ತರಬೇತಿ" ಎಂದೆ, ಮೀಸೆಯ ಮೇಲೆ ಕೈಯಾಡಿಸುತ್ತ.

ಮಗಳು ಬಂದವಳು ಸುಮ್ಮನೆ ಹೋಗಲಿಲ್ಲ. ಅವ್ವನಿಂದ ಸುದ್ದಿ ತಿಳಿದು, ಎದೆನೋವು ಎಂದರೆ ತಮಾಷೆಯಲ್ಲ ಎಂದು ನನ್ನನ್ನು ಎಳೆದುಕೊಂಡು ಹೋಗಿ ಇ.ಸಿ.ಜಿ. ಮಾಡಿಸಿದಳು. ಡಾಕ್ಟರು ಉದ್ದನೆಯ ಕಾಗದ ನೋಡಿ, "ನಿಮ್ಮ ಎದಿ ಇಪ್ಪತ್ತರ ಹುಡುಗನ ಎದಿ ಇದ್ದಂಗ ಐತಿ ಮಾಸ್ತರ" ಎಂದು ನಕ್ಕರು. ಮನೆಗೆ ಬಂದು ಅದನ್ನು ಹೇಳಿದಾಗ ಇವಳು ಕಾಗದವನ್ನು ಇಸಿದುಕೊಂಡು, ಅದರಲ್ಲಿನ ಗೆರೆಗಳನ್ನು ನೋಡಿ, ದೇವರ ಮುಂದಿಟ್ಟು ಅರಿಷಿಣ ಕುಂಕುಮ ಹಚ್ಚಿದಳು. "ಅರ್ಧಾ ಹರಕಿಗೇ ಕಣ್ಣ ಬಿಟ್ಟಾನ ಬಸವಣ್ಣ. ಪೂರಾ ಮುಗಿಸಿದ್ರ ಬ್ಯಾನಿ ಹೊಳ್ಳಿ ನೋಡಂಗಿಲ್ಲ." ನಾನು ಸುಮ್ಮನಿದ್ದೆ. ಸಕ್ಕರೆ ಇಳಿಯುತ್ತಿದೆ, ಇನ್ನೊಂದಿಷ್ಟು ದಿನ ನಡೆಯಲಿ ಎಂಬ ಆಸೆ.

ಮೂವತ್ತು ದಿನ ದಾಟಿತ್ತು. ಒಂದು ಸಂಜೆ ನಾನು ಪೇಪರ್ ಓದುತ್ತ ಕುಳಿತಿದ್ದೆ. ಅಡುಗೆಮನೆಯಲ್ಲಿ ಇವಳು ಓಡಾಡುವಾಗ ಕಲ್ಲಿನ ನೆಲದ ಮೇಲೆ ಟಕ್, ಟಕ್ ಎಂದು ಸಣ್ಣ ಸದ್ದು ಕೇಳಿತು. ಒಂದು ಹೆಜ್ಜೆಗೆ ಸದ್ದಿದೆ, ಇನ್ನೊಂದಕ್ಕಿಲ್ಲ. "ಕಾಲುಂಗರ ಸಡ್ಲ ಆಗೇತೇನು? ಕುದರಿ ಬಂದಂಗ ಆಗಾಕತ್ತೈತಿ" ಎಂದು ಚೇಷ್ಟೆ ಮಾಡಿದೆ. "ಆಗಿರಬೇಕು ಬಿಡ್ರಿ" ಎಂದಳು. ಮರುದಿನವೂ ಟಕ್, ಟಕ್. ಅದರ ಮರುದಿನವೂ. ಮೂರನೆಯ ದಿನ ಅವಳು ಸ್ನಾನ ಮಾಡಿ ಬಂದಾಗ ಒದ್ದೆ ಹೆಜ್ಜೆಯ ನಡುವೆ ಒಂದೊಂದು ಕೆಂಪು ಚುಕ್ಕೆ ಕಂಡಿತು. ಕೂರಿಸಿ ಕಾಲೆತ್ತಿ ನೋಡಿದೆ.

ಹೆಬ್ಬೆರಳಿನ ಬುಡದಲ್ಲಿ ಒಂದು ಮೊಳೆ. ಎತ್ತಿನ ಕಾಲಿಗೆ ಲಾಳ ಬಡಿಯುವ ಮೊಳೆ, ತಲೆಯವರೆಗೂ ಒಳಗೆ ಹೋಗಿ ಕುಳಿತಿತ್ತು. ಗುಡಿಯ ದಾರಿ ಸಂತೆಯ ಬಯಲನ್ನು ದಾಟಿ ಹೋಗುತ್ತದೆ, ಅಲ್ಲಿಯ ಮೂಲೆಯಲ್ಲಿ ಎತ್ತು ಕೆಡವಿ ಲಾಳ ಬಡಿಯುತ್ತಾರೆ. ಸುತ್ತಲಿನ ಚರ್ಮ ನೇರಳೆಯಾಗಿತ್ತು.

"ನೋವು ಆಗ್ಲಿಲ್ಲೇನು?"

"ಇಲ್ಲಲ್ಲ. ಏನೈತಿ ಅಲ್ಲಿ?" ಎಂದು ಬಗ್ಗಿ ನೋಡಿದಳು. ಬೇರೆಯವರ ಕಾಲು ನೋಡುವ ಹಾಗೆ ನೋಡಿದಳು.

ಸಾವಿರ ಮಕ್ಕಳ ಗಾಯ ತೊಳೆದವನು ನಾನು. ಮಕ್ಕಳು ಕಿರುಚುತ್ತಿದ್ದರು, ನನ್ನ ಕೈ ಕಚ್ಚುತ್ತಿದ್ದರು. ಮೊಳೆ ಕೀಳುವಾಗ ಇವಳು ಒಮ್ಮೆ "ಹಾ" ಎಂದಿದ್ದರೂ ನನಗೆ ಜೀವ ಬರುತ್ತಿತ್ತು. ನಾನು ಮೊಳೆ ಕೀಳುತ್ತಿದ್ದರೆ ಅವಳು ಒಲೆಯ ಮೇಲಿನ ಹಾಲಿನ ಕಡೆ ನೋಡುತ್ತಿದ್ದಳು.

ಅವತ್ತೇ ಇಂಜೆಕ್ಷನ್ ಮಾಡಿಸಿ, ಪಟ್ಟಿ ಕಟ್ಟಿಸಿಕೊಂಡು ಬಂದೆ. ಕಾಲು ಊರಬೇಡ ಎಂದಿದ್ದರು. ಬೆಳಗಾದರೆ ಇವಳು ಪಟ್ಟಿಯ ಮೇಲೊಂದು ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಅಡ್ಡ ನಿಂತೆ.

"ಸರೀರಿ. ಬಿಸಲ ಏರತೈತಿ."

"ಹೋಗಬ್ಯಾಡ. ಕೇಳಿಲ್ಲೆ, ನನಗ ಎದಿನೋವೇ ಇಲ್ಲ."

"ನನಗ ಗೊತ್ತೈತಿ. ಮಿಷನ್ನೂ ಹಂಗs ಹೇಳೇತೆಲ್ಲ."

"ಹಂಗಲ್ಲ ಮಾರಾಯ್ತಿ. ಮೊದಲಿಂದನೂ ಇರಲಿಲ್ಲ. ಸುಳ್ಳ ಹೇಳಿದ್ದೆ."

ಇವಳು ನನ್ನ ಮುಖ ನೋಡಿ, ಹಟ ಮಾಡುವ ಕೂಸನ್ನು ನೋಡಿದ ಹಾಗೆ ನಕ್ಕಳು. "ನಡುವ ಬಿಟ್ಟರ ಅದು ನಿಮಗ ಬಡೀತೈತಿ. ಇನ್ನ ಏಳs ದಿನ. ನನ್ನ ಕಾಲಿಗೆ ಏನೂ ಆಗಿಲ್ಲ, ನೋವೇ ಇಲ್ಲ ಅಂದಮ್ಯಾಲೆ ಗಾಯ ಎಲ್ಲಿದು?" ಎಂದು ನನ್ನ ತೋಳಿನ ಕೆಳಗೆ ನುಸುಳಿ ಹೊರಟೇಹೋದಳು. ಸ್ಕೂಟರ್ ತೆಗೆದುಕೊಂಡು ಹಿಂದೆ ಹೋದೆ. ಹತ್ತು ಎಂದರೆ ಹತ್ತಲಿಲ್ಲ. ನಡೆದೇ ಹೋಗಬೇಕು ಎಂದು ಹರಕೆ. ಸ್ಕೂಟರನ್ನು ತಳ್ಳಿಕೊಂಡು ಅವಳ ಪಕ್ಕದಲ್ಲಿ ನಡೆದೆ. ನಾನು ದಣಿಯುತ್ತೇನೆಂದು ಅವಳು ನಾಲ್ಕು ಕಡೆ ನಿಂತಳು. ಬಟ್ಟೆ ಒದ್ದೆಯಾಗುತ್ತಿರುವುದನ್ನು ನಾನು ನೋಡುತ್ತಿದ್ದೆ. ಎತ್ತಿಕೊಂಡಾದರೂ ಮನೆಗೆ ತರಬೇಕಿತ್ತು, ಜನ ಏನಂದರೂ ಅನ್ನಲಿ. ನಾನು ಅವಳ ಜೊತೆ ಸ್ಕೂಟರ್ ತಳ್ಳಿದೆ ಅಷ್ಟೇ. ಮರುದಿನವೂ ಅದೇ ಆಯಿತು. ಮೂರನೆಯ ದಿನ ಜ್ವರ ಬಂದು ಅವಳಿಗೆ ಏಳಲಾಗಲಿಲ್ಲ. ಹೆಬ್ಬೆರಳು ಕಪ್ಪಾಗಿತ್ತು.

ಹಾವೇರಿಯ ಆಸ್ಪತ್ರೆಯಲ್ಲಿ ಬೆರಳು ತೆಗೆದರು. ಅಷ್ಟಕ್ಕೇ ನಿಂತದ್ದು ಪುಣ್ಯ ಎಂದರು. ಆಪರೇಷನ್ ಮಾಡಿದ ಡಾಕ್ಟರು ಹಳೆಯ ಚೀಟಿ ಕೇಳಿದರು. ಜೇಬಿನಿಂದ ತೆಗೆದುಕೊಟ್ಟೆ. ಅವರು ಅದನ್ನು ಬಿಡಿಸಿ, ಐದನೆಯ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ಕಾಲಿಗೆ ಸ್ಪರ್ಶ ಕಡಿಮೆಯಿದೆ, ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದು, ದಿನವೂ ಅಂಗಾಲು ನೋಡಬೇಕು ಎಂದು ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆದಿತ್ತು. "ಬರಿಗಾಲಿಲೆ ಯಾಕ ಅಡ್ಡಾಡಿದ್ರು?" ಎಂದು ಕೇಳಿದರು. ಪಕ್ಕದಲ್ಲಿದ್ದ ಮಗಳು ಉತ್ತರ ಕೊಟ್ಟಳು: "ಅಪ್ಪನ ಎದಿನೋವಿಗೆ ಹರಕಿ ಹೊತ್ತಿದ್ಲು ಸರ್."

ಹೊರಗೆ ಬಂದ ಮೇಲೆ ಮಗಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಇದನ್ನ ನೀವs ಅವ್ವನ ಮುಂದ ಹೇಳ್ರಿ. ನಾ ಹೇಳಂಗಿಲ್ಲ" ಎಂದು ಕಣ್ಣೊರೆಸಿಕೊಂಡು, ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತೆಂದು ಹಾನಗಲ್ಲಿನ ಬಸ್ಸಿಗೆ ಹೊರಟುಹೋದಳು.

ನಾಲ್ಕು ದಿನ ಬಿಟ್ಟು, ಇವಳ ಜ್ವರ ಇಳಿದು ಮುಖಕ್ಕೆ ಸ್ವಲ್ಪ ಕಳೆ ಬಂದ ಮೇಲೆ, ಮಂಚದ ಪಕ್ಕ ನಿಂತು ಹೇಳಿದೆ. ಈ ಸಲ ಒಂದನ್ನೂ ಬಿಡಲಿಲ್ಲ. ದುಂಡಸಿಯ ಅಕ್ಕನ ಕೈ ಕಂಡು ಹೆದರಿದ್ದು, ಹಾಸಿಗೆಯಲ್ಲಿ ಕುಳಿತು ಉಪಾಯ ಹೂಡಿದ್ದು, ಎದೆ ಹಿಡಿದುಕೊಂಡು ನಾಟಕ ಮಾಡಿದ್ದು, ಇ.ಸಿ.ಜಿ.ಯ ದಿನ ಬಾಯಿಮುಚ್ಚಿಕೊಂಡಿದ್ದು, ಚೀಟಿಯ ಐದನೆಯ ಸಾಲು ಓದದಿದ್ದು. "ನಿನ್ನ ಬೆರಳ ನಾನs ತಗದೆ. ನನ್ನ ಬೈ. ಏನರ ಅನ್ನು" ಎಂದೆ.

ಇವಳು ಪಟ್ಟಿ ಸುತ್ತಿದ ಕಾಲನ್ನೇ ನೋಡುತ್ತ ಎಲ್ಲ ಕೇಳಿದಳು.

"ಮುಗೀತೇನು?"

"ಮುಗೀತು."

"ಇಷ್ಟ ಚಂದ ಕತಿ ಕಟ್ಟೂದು ಎಲ್ಲಿ ಕಲ್ತ್ರಿ?" ಎಂದಳು. "ಅವತ್ತ ನಿಮ್ಮ ಹಣೀ ಮ್ಯಾಲಿನ ಬೆವರ ನಾನs ಒರಿಸೇನಿ. ಬೆವರೂ ಸುಳ್ಳೇನು?"

"ಅದು ಹೆದರಿಕಿಗೆ ಬಂದಿದ್ದು..."

"ಹೆದರಿಕಿ ಯಾರಿಗಿರಂಗಿಲ್ಲ? ಜೀವದ ಹೆದರಿಕಿ." ನನ್ನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. "ಒಂದ ಬೆರಳ ಹೋದ್ರ ಹೋಗ್ಲಿ ಬಿಡ್ರಿ. ನಿಮ್ಮ ಎದಿ ಉಳೀತಲ್ಲ."

ಆಗ ಪಟ್ಟಿ ಬದಲಿಸಲು ನರ್ಸ್ ಬಂದಳು. ಸಣ್ಣ ವಯಸ್ಸಿನ ಹುಡುಗಿ. ಇವಳು ಅವಳಿಗೆ ನನ್ನನ್ನು ತೋರಿಸಿ, "ನೋಡವಾ, ಬೆರಳ ಹೋತಂತ ನಾ ಮನಸಿಗೆ ಹಚ್ಚಿಕೊಂಡೇನಂತ, ತಪ್ಪೆಲ್ಲಾ ತನ್ನ ಮ್ಯಾಲೆ ಹಾಕ್ಕೊಂಡು ಸುಳ್ಳ ಹೇಳಾಕತ್ತಾರ" ಎಂದಳು. ಆ ಹುಡುಗಿ ಕತ್ತರಿ ಹಿಡಿದವಳು ಒಂದು ಕ್ಷಣ ನಿಂತು, ನನ್ನ ಕಡೆ ಬಹಳ ಮರ್ಯಾದೆಯಿಂದ ನೋಡಿದಳು. "ಪುಣ್ಯಾ ಮಾಡೀರಿ ಅಕ್ಕಾರ. ಇಂಥಾ ಗಂಡ ಎಲ್ಲಾರಿಗೂ ಸಿಗಂಗಿಲ್ಲ."

"ಹೌದವಾ" ಎಂದಳು ನನ್ನ ಹೆಂಡತಿ.

ಆಮೇಲೆ ಎರಡೂ ಕೈಯಿಂದ ತನ್ನ ಪಟ್ಟಿಯ ಕಾಲನ್ನು ಎತ್ತಿ ಗೋಡೆಯ ಕಡೆ ಸರಿಸಿಕೊಂಡು, ಮಂಚದ ಅಂಚಿನಲ್ಲಿ ಒಬ್ಬರಿಗಾಗುವಷ್ಟು ಜಾಗ ಮಾಡಿದಳು. "ಕುಂದರ್ರಿ ಇಲ್ಲೆ. ಆಗಿನಿಂದ ನಿಂತೀರಿ. ಎದಿನೋವಿನವ್ರು ಇಷ್ಟೊತ್ತ ನಿಂದರಬಾರ್ದು."

ನಾನು ಕುಳಿತೆ.